ಕೂಗಿದರೆ ತಿರುಗದವನು

ಅವನ ಹೆಸರನ್ನ ನಾನು ಕೂಗಿದಷ್ಟು ಸಲ ಅವನ ಹೆತ್ತ ತಾಯಿಯೂ ಕೂಗಿರಲಿಕ್ಕಿಲ್ಲ. ಚಿಕ್ಕಬಳ್ಳಾಪುರದ ಗ್ರೌಂಡಿನಲ್ಲಿ ಗೋಲ್ ಪೋಸ್ಟಿನ ಮುಂದೆ ನಿಂತು, ಗಂಟಲು ಹರಿಯೋ ಹಾಗೆ ಕೂಗಿದ್ದೀನಿ. ಒಂದು ಸಲವಾದರೂ ತಿರುಗಿ ನೋಡಬೇಕಲ್ಲ, ಇಲ್ಲ. ಹೋದ ತಿಂಗಳು ಅವನು ತೀರಿಕೊಂಡ ಅಂತ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು ಅವನ ಮುಖ ಅಲ್ಲ, ಬೆನ್ನು. ಬೆವರಿಗೆ ಅಂಟಿಕೊಂಡ ಜರ್ಸಿ, ಅದರ ಮೇಲೆ ಅರ್ಧ ಕಿತ್ತುಹೋದ ನಂಬರು. ಹೆಸರು ಇಲ್ಲಿ ಬರೆಯಲ್ಲ. ಯಾಕೆ ಅನ್ನೋದು ಓದ್ತಾ ಹೋದ್ರೆ ನಿಮಗೇ ಗೊತ್ತಾಗುತ್ತೆ.

ಮೊದಲು ನನ್ನ ವಿಷಯ ಒಂದೆರಡು ಮಾತು. ನಾನು ಶಿಡ್ಲಘಟ್ಟದ ರೀಲರ್. ಗೂಡು ಕೊಂಡು ರೇಷ್ಮೆ ನೂಲು ತೆಗೆಸೋದು ನಮ್ಮ ಮನೆಯ ಕಸುಬು. ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋದರೆ ರೈತರು ಸುರಿದಿರೋ ಗೂಡು ಮೇಲೆ ನೋಡೋಕೆ ಹಳದಿ ಹಳದಿಯಾಗಿ ಚೆಂದ ಕಾಣುತ್ತೆ. ನಾನು ಮೇಲಿಂದ ನೋಡೋನಲ್ಲ. ಮೊಣಕೈವರೆಗೂ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೀತೀನಿ. ಒಂದೊಂದನ್ನೇ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀನಿ. ಒಳಗೆ ಹುಳ ಕಟಕಟ ಅಂದ್ರೆ ಸರಿ. ಸದ್ದು ಬರಲಿಲ್ಲ ಅಂದ್ರೆ ಹುಳ ಒಳಗೇ ಸತ್ತು ಕರಗಿ ಅಂಟಿಕೊಂಡಿದೆ ಅಂತ ಅರ್ಥ, ಅಂಥ ಗೂಡಲ್ಲಿ ನೂಲು ಸರಿಯಾಗಿ ಬಿಚ್ಚಲ್ಲ. ಸಾಯಂಕಾಲ ಬೈಕ್ ಹತ್ತಿ ಚಿಕ್ಕಬಳ್ಳಾಪುರಕ್ಕೆ ಬಂದು ಹಾಕಿ ಆಡ್ತಿದ್ದೆ, ಗೋಲ್‌ಕೀಪರ್ ಆಗಿ. ಅಲ್ಲೂ ಅದೇ ಕೆಲಸ. ಎದುರಿಗೆ ಬರೋನು ಕಣ್ಣು ಎಡಕ್ಕೆ ತೋರಿಸಿ ಚೆಂಡು ಬಲಕ್ಕೆ ಹೊಡೀತಾನೆ, ಅವನನ್ನ ನಂಬಿದ್ರೆ ಕೆಟ್ಟೆ. ನಮ್ಮ ಅಮ್ಮಿ ಹೇಳ್ತಿದ್ರು, "ನಿಂಗೆ ನಿನ್ನ ನೆರಳಿನ ಮೇಲೂ ಶಕ್ ಕಣೋ" ಅಂತ. ಇದೆ, ಇಲ್ಲ ಅಂತ ಯಾಕೆ ಹೇಳಲಿ? ಅನುಮಾನ ಪಟ್ಟಿದ್ದಕ್ಕೆ ನನಗೆ ಯಾವತ್ತೂ ನಾಚಿಕೆ ಆಗಿಲ್ಲ.

ನಮ್ಮ ಟೀಮನ್ನ ಕಟ್ಟಿದವರು ರಿಟೈರ್ ಆದ ಡ್ರಿಲ್ ಮೇಷ್ಟ್ರು ಒಬ್ಬರು. ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ, ಬಾಯಲ್ಲಿ ಲವಂಗ. ಅವರದು ಒಂದೇ ಕಾನೂನು: ಕೂಗಿದವನಿಗೆ ಚೆಂಡು. ಚೆಂಡು ಬೇಕು ಅಂದ್ರೆ ಕೂಗಬೇಕು, ಕೊಡೋನೂ ಹೆಸರು ಹಿಡಿದು ಕೂಗಿಯೇ ಕೊಡಬೇಕು. ಕೂಗದೆ ಇರೋನು ಎಷ್ಟೇ ಒಳ್ಳೆ ಜಾಗದಲ್ಲಿ ನಿಂತಿರಲಿ, ಅವನಿಗೆ ಕೊಟ್ಟರೆ ಕೊಟ್ಟವನಿಗೆ ಬೈಗುಳ. ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು, ಕಳವಾರದ ಬೆಟ್ಟದ ಕಡೆ ಮುಖ ಮಾಡಿ, ಒಬ್ಬೊಬ್ಬರಾಗಿ ತಮ್ಮ ಹೆಸರನ್ನ ತಾವೇ ಕೂಗಬೇಕು. "ಬೆಟ್ಟಕ್ಕೆ ಕೇಳಿಸ್ತೇನೋ? ಇಲ್ವಲ್ಲ, ಇನ್ನೊಂದ್ಸಲ" ಅಂತ ಮೇಷ್ಟ್ರು ಹಿಂದೆ ಓಡಾಡ್ತಾ ಇರೋರು. ರಸ್ತೇಲಿ ಹೋಗೋರು ನಿಂತು ನಗೋರು. ನಮಗೆ ಅದೊಂದು ಹೆಮ್ಮೆ. ಬೇರೆ ತಾಲೂಕಿನೋರು ನಮ್ಮನ್ನ 'ಸಂತೆ ಟೀಮು' ಅಂತ ಕರೀತಿದ್ರು, ನಾವು ಗ್ರೌಂಡಿಗೆ ಇಳಿದರೆ ಅಷ್ಟು ಗಲಾಟೆ.

ಇಂಥ ಟೀಮಿಗೆ ಅವನು ಬಂದ. ಗೌರಿಬಿದನೂರು ಕಡೆಯವನು. ಅವನು ನಮಗೆ ಹೊಸಬನೇನಲ್ಲ, ಅದಕ್ಕಿಂತ ಮುಂಚೆ ಎದುರು ಟೀಮಲ್ಲಿ ಆಡಿ ನನ್ನ ಕಾಲ ಸಂದೀಲೇ ಗೋಲು ಹೊಡೆದು ಹೋಗಿದ್ದವನು. ಕುಡುಮಲಕುಂಟೆ ಹತ್ರದ ಒಂದು ಬಟ್ಟೆ ಫ್ಯಾಕ್ಟ್ರಿಯ ಟೀಮಲ್ಲಿ ರೈಟ್ ವಿಂಗಲ್ಲಿ ಆಡ್ತಿದ್ದ. ಚೆಂಡು ಸಿಕ್ಕಿದರೆ ಸಾಕು, ಗೆರೆ ಪಕ್ಕಾನೇ ಓಡಿ, ಸ್ಟಿಕ್ಕಿಗೆ ಚೆಂಡು ಹೊಲಿದಿರೋ ಹಾಗೆ ತಂದು, ಗೋಲ್ ಮುಂದಿನ ಡಿ ಗೆರೆ ಒಳಗೆ ಬಂದು ಹೊಡೀತಿದ್ದ. ಮದುವೆ ಆಗಿ ಹೆಂಡತಿ ಊರಾದ ಚಿಕ್ಕಬಳ್ಳಾಪುರಕ್ಕೇ ಬಂದು, ಮಾವನ ಮನೆ ಪಕ್ಕದ ಬೀದೀಲಿ ಬಾಡಿಗೆಗೆ ಇದ್ದು, ಒಂದು ಪೈಪ್ ಅಂಗಡಿ ಗೋಡೌನಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದ. ನಮ್ಮ ಕ್ಯಾಪ್ಟನ್, ದ್ರಾಕ್ಷಿ ವ್ಯಾಪಾರದವನು, ಅವನನ್ನ ಅಂಗಡಿಗೇ ಹೋಗಿ ಕರ್ಕೊಂಡು ಬಂದ. ಈ ಸಲ ಕಪ್ಪು ನಮ್ಮದೇ ಅಂತ ಊರೆಲ್ಲ ಹೇಳಿದ್ದೂ ಆಯ್ತು.

ಬಂದ, ಆಡಿದ, ಏನೂ ಆಗಲಿಲ್ಲ. ಅದೇ ಕಾಲು, ಅದೇ ಸ್ಟಿಕ್ಕು, ಆದರೆ ಆ ಮನುಷ್ಯನೇ ಅಲ್ಲ. ಚೆಂಡು ಅವನ ಹಿಂದೆ ಹೋಗೋದು, ಅವನು ಮುಂದೆ ಓಡೋದು. ಪಕ್ಕದಲ್ಲಿ ಇನ್‌ಸೈಡ್‌ನಲ್ಲಿ ಆಡೋನು ಬಾಯಿ ಬಡ್ಕೊಂಡು ಕೂಗಿದರೂ ತಿರುಗ್ತಿರಲಿಲ್ಲ. ಸೀಟಿ ಊದಿದ ಮೇಲೂ ಎರಡು ಹೆಜ್ಜೆ ಓಡಿ ಚೆಂಡು ಹೊಡೆದು ಬೈಸ್ಕೊಳ್ಳೋನು. ತಾನು ಕೂಗ್ತಿರಲಿಲ್ಲ, ಹಾಗಾಗಿ ಅವನಿಗೆ ಚೆಂಡೂ ಬರ್ತಿರಲಿಲ್ಲ. ಬೆಟ್ಟದ ಕಡೆ ಮುಖ ಮಾಡಿ ಹೆಸರು ಕೂಗೋ ಹೊತ್ತಲ್ಲಿ ಅವನ ಬಾಯಿ ತೆರೀತಿತ್ತು, ಸದ್ದು ಮಾತ್ರ ಪಕ್ಕದವನಿಗೂ ಕೇಳಿಸ್ತಿರಲಿಲ್ಲ. "ಯಾಕಪ್ಪಾ ಕೂಗಲ್ಲ?" ಅಂತ ನಾನು ಒಂದು ದಿನ ಎದುರಿಗೇ ನಿಂತು ಕೇಳಿದೆ. ನನ್ನ ಬಾಯನ್ನೇ ನೋಡ್ತಾ ನಿಂತಿದ್ದು, ಆಮೇಲೆ ಹೇಳಿದ, "ಆಟದಲ್ಲಿ ಮಾತು ಯಾಕೆ ಭಾಯ್?"

ಹಾಗೆ ಬಾಯನ್ನೇ ನೋಡೋದು ಅವನ ಅಭ್ಯಾಸ. ನನಗೆ ಮೈಯೆಲ್ಲ ಉರಿಯೋದು. ಮಾತಾಡ್ತಿರೋದು ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡೋ ಹಾಗೆ ನೋಡ್ತಾನೆ ಅನ್ನಿಸೋದು. ಬಸ್‌ಸ್ಟ್ಯಾಂಡ್ ಎದುರಿನ ಹೋಟ್ಲಲ್ಲಿ ಟೀ ಕುಡಿಯೋಕೆ ಹೋದ್ರೆ ಮೂಲೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟೇ ಕೂರೋನು. ಮೂಲೆ ಸಿಗದೆ ಇದ್ರೆ, ಬೇರೆ ಕಡೆ ಜಾಗ ಇದ್ರೂ ನಿಂತೇ ಇರೋನು. ನಾವು ಏನಕ್ಕಾದ್ರೂ ನಕ್ಕರೆ ಲೋಟ ಅರ್ಧದಲ್ಲೇ ನಿಲ್ಲೋದು, ಒಬ್ಬೊಬ್ಬರ ಮುಖ ನೋಡ್ತಾ ಹೋಗೋನು, ಕೊನೆಗೆ ತಾನೂ ಒಂಚೂರು ನಗೋನು. ನನಗಿಂತ ಅನುಮಾನದ ಪ್ರಾಣಿ ಇನ್ನೊಂದಿದೆ ಅಂತ ಗೊತ್ತಾಗಿದ್ದು ಅವನನ್ನ ನೋಡಿ.

ಒಳ್ಳೇದು ಇರಲಿಲ್ಲ ಅಂತಲ್ಲ. ಜೇಬಲ್ಲಿ ಬೇಯಿಸಿದ ಕಡಲೆಕಾಯಿ ತರೋನು, ಎಲ್ಲರ ಕೈಗೂ ಒಂದೊಂದು ಹಿಡಿ ಹಾಕೋನು, ಕೊನೆಗೆ ತನಗೆ ಉಳಿಯದೆ ಇದ್ರೆ ಸಿಪ್ಪೆ ಮಾತ್ರ ಆಯ್ದುಕೊಂಡು ಹೋಗಿ ತೊಟ್ಟೀಗೆ ಹಾಕೋನು. ಯಾರ ಸ್ಟಿಕ್ಕಿನ ಟೇಪ್ ಬಿಚ್ಚಿದ್ರೂ ಕೇಳದೇನೇ ಇಸ್ಕೊಂಡು ಸುತ್ತಿ ಕೊಡೋನು. ನಕ್ಕರೆ ಹೆಗಲು ಮಾತ್ರ ಕುಣಿಯೋದು, ಸದ್ದಿಲ್ಲ. ಇಷ್ಟೆಲ್ಲ ಇದ್ರೂ ನನಗೆ ಅವನ ಮೇಲೆ ನಂಬಿಕೆ ಬರಲಿಲ್ಲ. ಅದಕ್ಕೆ ಕಾರಣ ಒಂದು ಗೂಡು.

ಒಂದು ಸಾಯಂಕಾಲ ನನ್ನ ಅಂಗಿ ಜೇಬಲ್ಲಿ ಬೆಳಿಗ್ಗೆಯ ಗೂಡು ಒಂದು ಉಳಿದುಕೊಂಡಿತ್ತು. ಕರಗಿದ ಗೂಡು, ಅಲ್ಲಾಡಿಸಿದ್ರೆ ಏನೂ ಇಲ್ಲ. ಅವನಿಗೆ ಕೊಟ್ಟು ಕೇಳಿದೆ, "ಅಲ್ಲಾಡ್ಸು ನೋಡಣ, ಹುಳ ಹೆಂಗಿದೆ?" ಅವನು ಕಿವಿ ಹತ್ರ ಹಿಡಿದು ಅಲ್ಲಾಡಿಸಿದ. ನನ್ನ ಮುಖ ನೋಡಿದ. "ಚೆನ್ನಾಗಿದೆ ಭಾಯ್, ಒಳ್ಳೆ ಸದ್ದು ಬರ್ತಿದೆ" ಅಂದ. ಇಷ್ಟು ಚಿಕ್ಕ ವಿಷಯಕ್ಕೆ ಒಬ್ಬ ಮನುಷ್ಯ ಯಾಕೆ ಸುಳ್ಳು ಹೇಳ್ತಾನೆ? ಏನೂ ಲಾಭ ಇಲ್ಲದ ಕಡೆ ಸುಳ್ಳು ಹೇಳೋನು ಲಾಭ ಇರೋ ಕಡೆ ಇನ್ನೇನು ಮಾಡ್ತಾನೋ ಅಂತ ಯೋಚನೆ ಮಾಡ್ತಾ ಬೈಕ್ ಓಡಿಸ್ಕೊಂಡು ಶಿಡ್ಲಘಟ್ಟಕ್ಕೆ ಹೋದೆ.

ಚಿಂತಾಮಣಿಯಲ್ಲಿ ಟೂರ್ನಮೆಂಟ್ ಬಂತು. ಸೆಮಿಫೈನಲ್‌ಗೆ ನಮಗೆ ಎದುರಾಗಿದ್ದು ಅವನ ಹಳೇ ಟೀಮೇ, ಕುಡುಮಲಕುಂಟೆಯ ಫ್ಯಾಕ್ಟ್ರಿಯವರು. ಆಟ ಶುರುವಾಗೋಕೆ ಮುಂಚೆ ಎರಡೂ ಟೀಮು ಗೆರೆ ಹತ್ರ ನಿಂತಿದ್ವು. ಅವರ ಕಡೆಯಿಂದ ಒಬ್ಬ ನಮ್ಮವನ ಕಡೆ ನೋಡಿ ಐದೂ ಬೆರಳು ಕೂಡಿಸಿ ಬಾಯಿ ಹತ್ರ ತಂದು, ಹುಬ್ಬು ಹಾರಿಸಿದ. ನಮ್ಮವನು ಅಂಗೈ ಎದೆಗೆ ಮುಟ್ಟಿಸಿ ತಲೆ ಆಡಿಸಿ, ಆಮೇಲೆ ಅವನ ಕಡೆ ಬೆರಳು ತೋರಿಸಿದ. ಅವನು ತಲೆ ಆಡಿಸಿದ. ಆಯ್ತು. ಮುಗೀತು ವ್ಯವಹಾರ ಅನ್ನೋ ಹಾಗೆ ಇಬ್ಬರೂ ಬೇರೆ ಕಡೆ ತಿರುಗಿದ್ರು. ನಾನು ನೋಡಿದೆ, ಕ್ಯಾಪ್ಟನ್ನೂ ನೋಡಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಆ ಆಟದಲ್ಲಿ ಅವನು ಆಡಿದ್ದು ಆಟವೇ ಅಲ್ಲ. ಒಂದು ಒಳ್ಳೆ ಚೆಂಡು, ಗೋಲ್ ಎದುರಿಗೆ, ಹಿಂದಿನಿಂದ ಕ್ಯಾಪ್ಟನ್ ಹೆಸರು ಕೂಗಿ ಕಳಿಸಿದ್ದು. ಅವನ ಕಾಲ ಪಕ್ಕದಲ್ಲೇ ಉರುಳಿಕೊಂಡು ಆಚೆ ಹೋಯ್ತು, ಅವನು ನೋಡಲೇ ಇಲ್ಲ. ನಾವು ಸೋತ್ವಿ.

ಗ್ರೌಂಡ್ ಹಿಂದಿನ ಬೇವಿನ ಮರದ ಕೆಳಗೆ ಎಲ್ಲರೂ ಕೂತಿದ್ವಿ. ಅವನು ಬಗ್ಗಿ ಶೂ ದಾರ ಬಿಚ್ಚುತ್ತಿದ್ದ. ಮೇಷ್ಟ್ರು ಅವನ ತಲೆ ಮೇಲೆ ನಿಂತು, ಹಲ್ಲು ಕಚ್ಚಿಕೊಂಡು, ಮೆಲ್ಲಗೆ ಕೇಳಿದರು. "ಮ್ಯಾಚ್ ಮಾರ್ಕೊಂಡ್ಯೇನೋ?"

ಅವನು ಇನ್ನೊಂದು ಕಾಲಿನ ದಾರಕ್ಕೆ ಕೈ ಹಾಕಿದ.

"ನಿನ್ನನ್ನೇ ಕೇಳ್ತಿರೋದು" ಅಂದರು ಮೇಷ್ಟ್ರು. ಅವನು ದಾರ ಬಿಚ್ಚಿ, ಶೂ ಕೊಡವಿ, ಆಮೇಲೆ ತಲೆ ಎತ್ತಿ ನೋಡಿದ. ಎಲ್ಲರೂ ಅವನನ್ನೇ ನೋಡ್ತಿದ್ದೀವಿ. ಒಬ್ಬೊಬ್ಬರ ಮುಖ ನೋಡ್ತಾ ಬಂದು ನನ್ನ ಮುಖದ ಮೇಲೆ ಕಣ್ಣು ಒಂಚೂರು ನಿಲ್ಲಿಸಿದ. ಏನಾಗಿದೆ ಅಂತ ಅವನಿಗೆ ಅರ್ಥ ಆಯ್ತು, ಅಷ್ಟಂತೂ ನನಗೆ ಕಾಣಿಸ್ತು. ಜರ್ಸಿ ತೆಗೆದು, ಮಡಚಿ, ಮೇಷ್ಟ್ರ ಕೈಗೆ ಕೊಟ್ಟು, ಬನಿಯನ್ನಲ್ಲೇ ಬಸ್‌ಸ್ಟ್ಯಾಂಡ್ ಕಡೆ ನಡೆದುಬಿಟ್ಟ. "ನೋಡಿದ್ರಾ, ಒಂದು ಮಾತಾದ್ರೂ ಆಡಿದ್ನಾ?" ಅಂದ ಕ್ಯಾಪ್ಟನ್. ತಪ್ಪಿಲ್ಲದೋನು ಬಾಯಿ ಬಿಡದೆ ಇರ್ತಾನಾ ಅಂತ ನನಗೂ ಅನ್ನಿಸ್ತು.

ಪೈಪ್ ಅಂಗಡಿ ಕೆಲಸ ಬಿಟ್ಟ. ಹೆಂಡತಿಯನ್ನ ಕರ್ಕೊಂಡು ಗೌರಿಬಿದನೂರಿಗೇ ವಾಪಸ್ ಹೋದ. ಆಮೇಲೆ ಅಲ್ಲಿಂದ ಸುದ್ದಿ ಬರೋಕೆ ಶುರುವಾಯ್ತು. ಇವತ್ತು ಹಿಂದೂಪುರದವರ ಮೇಲೆ ಗೋಲು ಹೊಡೆದ್ನಂತೆ, ಮೊನ್ನೆ ಬೆಂಗಳೂರಿನ ಟೀಮ್ ಒಂದನ್ನ ಒಬ್ಬನೇ ಕೆಡವಿದ್ನಂತೆ. ನಮ್ಮ ಕ್ಯಾಪ್ಟನ್ ಅಂತೂ ಪ್ರತಿ ಸುದ್ದಿಗೂ "ನಾನು ಹೇಳ್ಲಿಲ್ವಾ?" ಅನ್ನೋನು. ನನಗೆ ಮಾತ್ರ ಸಮಾಧಾನ ಇಲ್ಲ. ಮೇಲಿಂದ ನೋಡಿ ಗೂಡು ಕೊಳ್ಳೋನಲ್ಲವಲ್ಲ ನಾನು. ಮಾರ್ಕೊಂಡೋನಾದ್ರೆ ಅಲ್ಲೂ ಏನೋ ಒಂದು ಆಟ ಹೂಡಿರ್ತಾನೆ, ಹೋಗಿ ಹಿಡಿಯಣ ಅಂತ ಒಂದು ಭಾನುವಾರ ಯಾರಿಗೂ ಹೇಳದೆ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಬೈಕ್ ಬಿಟ್ಟೆ.

ಫ್ಯಾಕ್ಟ್ರಿ ಹಿಂದಿನ ಬಯಲಲ್ಲಿ ಪ್ರಾಕ್ಟೀಸ್ ನಡೀತಿತ್ತು. ನಾನು ಒಂದು ಲಾರಿ ಮರೆಯಲ್ಲಿ ನಿಂತೆ. ನಿಂತು ಸ್ವಲ್ಪ ಹೊತ್ತಿಗೇ ನನಗೆ ಏನೋ ಒಂಥರಾ ಆಯ್ತು. ಏನು ಅಂತ ಗೊತ್ತಾಗೋಕೆ ಇನ್ನೂ ಸ್ವಲ್ಪ ಹೊತ್ತು ಹಿಡೀತು. ಅಲ್ಲಿ ಸದ್ದೇ ಇರಲಿಲ್ಲ. ಅಷ್ಟು ಜನ ಆಡ್ತಿದ್ದಾರೆ, ಸ್ಟಿಕ್ಕಿಗೆ ಚೆಂಡು ಬಡಿಯೋ ಸದ್ದು, ಕಾಲಿನ ಸದ್ದು, ಅಷ್ಟೇ. ಒಬ್ಬನೂ ಬಾಯಿ ಬಿಡಲ್ಲ. ಒಬ್ಬ ಕೈ ಎತ್ತುತ್ತಾನೆ, ಇನ್ನೊಬ್ಬ ತೊಡೆ ಮುಟ್ಟುತ್ತಾನೆ, ಮತ್ತೊಬ್ಬ ಎರಡು ಬೆರಳು ತೋರಿಸ್ತಾನೆ, ಚೆಂಡು ಅಲ್ಲಿಗೆ ಹೋಗಿರುತ್ತೆ. ಚೆಂಡು ಹಿಡಿದವನೂ ನೆಲ ನೋಡ್ತಿರಲಿಲ್ಲ, ತಲೆ ಎತ್ತಿ ಉಳಿದವರನ್ನ ನೋಡ್ತಿದ್ದ. ನಮ್ಮ ಟೀಮಲ್ಲಿ ಯಾರು ತಲೆ ಎತ್ತುತ್ತಿದ್ರು? ಕಿವಿಗೆ ಕೇಳಿಸ್ತಲ್ಲ, ಕಣ್ಣು ಯಾಕೆ ಬೇಕು ಅಂತ ಬಗ್ಗಿಕೊಂಡೇ ಹೊಡೀತಿದ್ವಿ.

ಅವರ ನಡುವೆ ಅವನು. ಆ ಬಲಗಡೆ ಗೆರೆ ಮೇಲೆ ಅವನು ಓಡ್ತಿದ್ದ ಚೆಂದ ಏನು ಹೇಳಲಿ. ಸುತ್ತ ನೋಡೋ ಆ ಹಳೇ ಕಳ್ಳನೋಟ ಇರಲಿಲ್ಲ. ಒಂದು ಸಲ ಕತ್ತು ತಿರುಗಿಸಿದರೆ ಸಾಕು, ಎಲ್ಲರೂ ಎಲ್ಲಿದ್ದಾರೆ ಅಂತ ಅವನಿಗೆ ಗೊತ್ತಾಗ್ತಿತ್ತು. ನನಗೆ ಹೊಟ್ಟೆ ಉರೀತು. ನಮಗೆ ಆಡದೆ ಇದ್ದ ಆಟ ಇದು ಅಂತ ನಿಜವಾಗಲೂ ಸಿಟ್ಟು ಬಂತು.

ನನ್ನನ್ನ ಮೊದಲು ನೋಡಿದ್ದು ಅವರ ಪೈಕಿ ವಯಸ್ಸಾದವನೊಬ್ಬ, ಮಗ್ಗದ ಮೇಸ್ತ್ರಿ. ಅವತ್ತು ಚಿಂತಾಮಣೀಲಿ ಬೆರಳು ಕೂಡಿಸಿ ಬಾಯಿ ಹತ್ರ ತಂದವನು ಅವನೇ. ಈಗಲೂ ದೂರದಿಂದಲೇ ನನಗೂ ಹಾಗೇ ಮಾಡಿದ. ನಾನು ಬೈಕ್ ಸ್ಟ್ಯಾಂಡ್ ಹಾಕಿ ನೇರ ಅವನ ಹತ್ರಾನೇ ಹೋದೆ. "ಏನು ಹಂಗಂದ್ರೆ? ಎಷ್ಟು ಕೊಡ್ತೀರ ಅಂತಾನಾ?" ಅಂದೆ.

ಅವನಿಗೆ ಅರ್ಥ ಆಗಲಿಲ್ಲ. ಇನ್ನೊಂದ್ಸಲ ಹೇಳು ಅನ್ನೋ ಹಾಗೆ ಕಿವಿಗೆ ಕೈ ಇಟ್ಟ. ನಾನು ಜೋರಾಗಿ ಹೇಳಿದೆ. ಅವನು ಆಕಾಶ ನೋಡ್ಕೊಂಡು ನಕ್ಕ. "ಅಯ್ಯೋ ರಾಮ. ಊಟ ಆಯ್ತಾ ಅಂತ ಕಣಪ್ಪ. ತೆಲುಗಲ್ಲಿ ಭೋಂಚೇಶಾವಾ ಅಂತೀವಲ್ಲ, ಅದು."

ಆಮೇಲೆ ಟೀ ಅಂಗಡೀಲಿ ಕೂತು ಅವನೇ ಬಿಡಿಸಿ ಹೇಳಿದ. ಮಗ್ಗದ ಶೆಡ್ ಒಳಗೆ ಹೋದ್ರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸಲ್ಲ, ಅಷ್ಟು ಬಡಿತ. ಹಾಗಾಗಿ ಎಲ್ಲ ಮಾತೂ ಕೈಯಲ್ಲೇ. ನೂಲು ಕಿತ್ತೋಯ್ತು, ಮೇಸ್ತ್ರಿ ಬಂದ, ಮಗೂಗೆ ಜ್ವರ, ಊಟ ಆಯ್ತಾ. ಹತ್ತು ಹನ್ನೆರಡು ವರ್ಷ ಮಗ್ಗದ ಮುಂದೆ ನಿಂತವನಿಗೆ ಕಿವಿ ಅರ್ಧ ಹೋಗೇ ಇರುತ್ತೆ. "ನಮ್ಮೋರೆಲ್ಲ ಅಷ್ಟೇ. ಇಲ್ಲಿ ಬಾಯಿ ಬಿಟ್ಟು ಕೂಗೋನನ್ನ ನೋಡಿದ್ರೆ ನಾವೇ ನಗ್ತೀವಿ. ಇವನಿಗೆ ನಮಗಿಂತ ಒಂದು ಪಾಲು ಜಾಸ್ತಿ ಹೋಗಿದೆ. ಚಿಕ್ಕ ವಯಸ್ಸಿಗೇ ಶೆಡ್ಡಿಗೆ ಬಂದೋನು ನೋಡು" ಅಂದ.

ಅವನು ಎದುರಿಗೆ ಕೂತು ಟೀ ಲೋಟ ತಿರುಗಿಸ್ತಾ ಇದ್ದ. ನನಗೆ ಗೂಡು ನೆನಪಾಯ್ತು. ಸೀಟಿ ನೆನಪಾಯ್ತು. ಗೋಡೆಗೆ ಬೆನ್ನು ಕೊಟ್ಟು ಕೂರ್ತಿದ್ದಿದ್ದು ನೆನಪಾಯ್ತು. "ಮತ್ತೆ ಅವತ್ತು ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ?" ಅಂದೆ. ಅವನು ನನ್ನ ಬಾಯಿ ನೋಡಿಕೊಂಡು ನಿಧಾನಕ್ಕೆ ಹೇಳಿದ.

"ಹೆಂಡ್ತಿಗೆ ಗೊತ್ತು ಭಾಯ್. ಮಾವನಿಗೆ ಗೊತ್ತಿಲ್ಲ. ಗೊತ್ತಿದ್ರೆ ಕೊಡ್ತಿರಲಿಲ್ಲ."

"ಅದಕ್ಕೆ ಕಳ್ಳ ಅನ್ನಿಸ್ಕೊಂಡು ಬಂದ್ಬಿಟ್ಯಾ?"

"ಕಳ್ಳ ಅಂದ್ರೆ ಒಂದಿನ ಮರೀತಾರೆ. ಕೆಪ್ಪ ಅಂದ್ರೆ ಅದೇ ಹೆಸರಾಗೋಗುತ್ತೆ. ನೀನು ಯಾರಿಗೂ ಹೇಳ್ಬೇಡ, ಆಣೆ ಮಾಡು."

ಮಾಡಿದೆ. ಅವನು ಇನ್ನೊಂದು ಮಾತು ಹೇಳಿದ. ನಮ್ಮದು ಆಗ ತಾನೇ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆ ಆಗಿತ್ತು. ಜಿಲ್ಲೆಯ ಮೊದಲನೇ ಹಾಕಿ ಟೀಮಿಗೆ ಆಯ್ಕೆ ಇದೆ, ಅದಕ್ಕೆ ಬರ್ತೀನಿ ಅಂದ. "ಆ ಜರ್ಸಿ ಹಾಕೊಂಡು ಒಂದ್ಸಲ ಮಾವನ ಬೀದೀಲಿ ಹೋಗಬೇಕು ಭಾಯ್. ಅವತ್ತು ಬನಿಯನ್ನಲ್ಲೇ ಮನೆಗೆ ಹೋಗಿದ್ದು ಅವರೂ ನೋಡವ್ರೆ." ಹೇಳೋವಾಗ ನಗ್ತಿದ್ದ, ಆದರೆ ಹೆಗಲು ಕುಣೀಲಿಲ್ಲ.

ಆಯ್ಕೆ ನಡೆದಿದ್ದು ನಮ್ಮ ಚಿಕ್ಕಬಳ್ಳಾಪುರದ ಗ್ರೌಂಡಲ್ಲೇ. ಆರಿಸೋರಲ್ಲಿ ನಮ್ಮ ಮೇಷ್ಟ್ರೂ ಒಬ್ಬರು. ಅವನು ಬಂದಿದ್ದನ್ನ ನೋಡಿ ಕ್ಯಾಪ್ಟನ್ ನೆಲಕ್ಕೆ ಉಗಿದ. ಆಟದಲ್ಲಿ ಅವನನ್ನ ನಾನಿದ್ದ ಟೀಮಿಗೇ ಹಾಕಿದ್ರು. ನಾನು ಅವತ್ತು ಒಂದು ಸಲವೂ ಕೂಗಲಿಲ್ಲ. ಗೋಲ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಅವನು ಕತ್ತು ತಿರುಗಿಸೋವರೆಗೂ ಕಾದು, ಕೈ ಎತ್ತಿ ತೋರಿಸಿ ಚೆಂಡು ಹೊಡೀತಿದ್ದೆ. ಅವನು ಆಡಿದ ನೋಡಿ. ಕಾಂಪೌಂಡ್ ಮೇಲೆ ಕೂತಿದ್ದ ಜನ ಎದ್ದು ನಿಂತ್ರು. ಅವರಲ್ಲಿ ಅವನ ಮಾವನೂ ಇದ್ದ, ಹೆಗಲ ಮೇಲೆ ಟವಲ್ ಹಾಕ್ಕೊಂಡು.

ಮೇಷ್ಟ್ರನ್ನ ನಾನು ಬೈಯಲ್ಲ. ಅನುಮಾನ ಹೊಟ್ಟೇಲೇ ಇಟ್ಕೊಂಡು ಗೋಲನ್ನ ಗೋಲು ಅಂತಲೇ ನೋಡಿದರು. ಎಲ್ಲ ಮುಗಿದ ಮೇಲೆ ಮೇಜಿನ ಮೇಲೆ ಜರ್ಸಿ ಗುಡ್ಡೆ ಹಾಕಿ ಹೆಸರು ಕೂಗೋಕೆ ಶುರು ಮಾಡಿದರು. ಅಲ್ಲೂ ಅವರದೇ ಕಾನೂನು. ಹೆಸರು ಕೂಗಿದ ತಕ್ಷಣ "ಇದ್ದೀನಿ ಸಾರ್" ಅಂತ ಕೂಗಿ, ಓಡಿ ಬಂದು ಜರ್ಸಿ ತಗೋಬೇಕು. ಮೊದಲು ಕೀಪರ್ ಅಂತ ನನ್ನನ್ನ ಕರೆದರು. ತಗೊಂಡು ಆ ಕಡೆ ನಲ್ಲಿ ಹತ್ರ ಹೋಗಿ ಮುಖ ತೊಳೀತಿದ್ದೆ. ಆಗ ಅವನ ಹೆಸರು ಕೇಳಿಸ್ತು.

ಅವನು ನನ್ನ ಕಡೆ ಮುಖ, ಮೇಷ್ಟ್ರ ಕಡೆ ಬೆನ್ನು ಮಾಡಿ ಒಬ್ಬನೇ ನಿಂತಿದ್ದ. ತನ್ನದು ಆಗಲ್ಲ ಅಂತ ಮನಸ್ಸಲ್ಲೇ ತೀರ್ಮಾನ ಮಾಡ್ಕೊಂಡಿದ್ನೋ ಏನೋ, ಸ್ಟಿಕ್ಕಿನ ಟೇಪ್ ಬಿಚ್ಚುತ್ತಿದ್ದ. ಮೇಷ್ಟ್ರು ಎರಡನೇ ಸಲ ಕೂಗಿದರು. "ಸೊಕ್ಕು ನೋಡಿ ಸಾರ್, ಬಿಡಿ, ಮುಂದಿನೋನನ್ನ ಕರೀರಿ" ಅಂದ ಕ್ಯಾಪ್ಟನ್. ಓಡಿ ಹೋಗಿ ಹೇಳಿದ್ರೆ ಯಾಕೆ ಅಂತ ಕೇಳ್ತಾರೆ. ಆಣೆ ಬೇರೆ. ಮಗ್ಗದವರ ಕೈಭಾಷೇಲಿ ನನಗೆ ಬರ್ತಿದ್ದಿದ್ದು ಒಂದೇ ಮಾತು. ಒದ್ದೆ ಕೈ ಬೀಸಿದೆ, ಅವನು ನೋಡಿದ. ಐದೂ ಬೆರಳು ಕೂಡಿಸಿ ಬಾಯಿ ಹತ್ರ ತಂದು ಹುಬ್ಬು ಹಾರಿಸಿದೆ. ಅವನ ಮುಖ ಅರಳಿತು. ಅಂಗೈ ಎದೆಗೆ ಮುಟ್ಟಿಸಿ ತಲೆ ಆಡಿಸಿ, ನಿಂದು ಅಂತ ನನ್ನ ಕಡೆ ಬೆರಳು ತೋರಿಸಿದ. ನಾನು ಮೇಷ್ಟ್ರ ಕಡೆ ಕೈ ತೋರಿಸಿದೆ.

ಅವನು ತಿರುಗೋವಷ್ಟರಲ್ಲಿ ಕ್ಯಾಪ್ಟನ್ ಎದ್ದು ನಿಂತಿದ್ದ. "ಸಾರ್, ನೋಡಿದ್ರಾ? ಅದೇ ಸನ್ನೆ. ಚಿಂತಾಮಣೀಲಿ ಮಾಡಿದ್ನಲ್ಲ, ಅದೇ. ಕೀಪರ್ರೂ ಇವನ ಜೊತೆ ಸೇರ್ಕೊಂಡವ್ನೆ. ಅವತ್ತು ಬಿಟ್ಟ ಗೋಲೆಲ್ಲ ಸುಮ್ನೆ ಬಿಟ್ನಾ ಹಂಗಾದ್ರೆ?"

ಮೇಷ್ಟ್ರು ನನ್ನ ಕಡೆ ನೋಡಿದರು. "ಏನಪ್ಪಾ ಕೀಪ್ರು? ನೀನೂನಾ?"

ನಾನು ಜೀವಮಾನವೆಲ್ಲ ಬೇರೆಯವರನ್ನ ಹಾಗೆ ನೋಡಿದ್ದೆ. ನನ್ನನ್ನ ಯಾರೂ ಹಾಗೆ ನೋಡಿರಲಿಲ್ಲ. ಹೇಳಿದ್ರೆ ಆಣೆ ಮುರೀತು, ಹೇಳದೆ ಇದ್ರೆ ನಾನು ಕಳ್ಳ. ತಲೆ ತಗ್ಗಿಸಿಕೊಂಡು ಜರ್ಸಿ ವಾಪಸ್ ಮೇಜಿನ ಮೇಲೆ ಇಟ್ಟೆ. ಬೇವಿನ ಮರದ ಕೆಳಗೆ ಅವನು ಮಾಡಿದ್ದೂ ಇದನ್ನೇ.

ಅವನು ಅಷ್ಟು ಹೊತ್ತೂ ಒಬ್ಬೊಬ್ಬರ ಬಾಯಿ ನೋಡ್ತಿದ್ದ. ಕ್ಯಾಪ್ಟನ್ ಬಾಯಿ, ಮೇಷ್ಟ್ರ ಬಾಯಿ, ನನ್ನ ಮುಚ್ಚಿದ ಬಾಯಿ. ಆಮೇಲೆ ಕೂಗಿದ.

"ಸಾರ್, ನಂಗೆ ಕಿವಿ ಕೇಳ್ಸಲ್ಲ ಸಾರ್. ಅವನು ಊಟ ಆಯ್ತಾ ಅಂತ ಕೇಳಿದ. ಅಷ್ಟೇ ಸಾರ್. ಅವತ್ತೂ ಅಷ್ಟೇ."

ತನ್ನ ದನಿ ಎಷ್ಟು ಜೋರು ಅಂತ ಅವನಿಗೆ ಗೊತ್ತಿರಲಿಲ್ಲ. ಕಾಂಪೌಂಡ್ ಮೇಲಿದ್ದವರಿಗೆಲ್ಲ ಕೇಳಿಸಿತು. ಆ ಗ್ರೌಂಡಲ್ಲಿ ಅವನು ಕೂಗಿದ್ದು ಅದೊಂದೇ ಸಲ.

ಇಷ್ಟಾದ್ರೂ ನಮ್ಮವರು ನಂಬಬೇಕಲ್ಲ. "ನಾಟಕ ಸಾರ್" ಅಂದ ಕ್ಯಾಪ್ಟನ್. ಮೇಷ್ಟ್ರು ಅವನಿಗೆ ತಿರುಗಿ ನಿಂತ್ಕೋ ಅಂತ ಕೈಯಲ್ಲೇ ತೋರಿಸಿದರು. ಅವನು ಕಳವಾರದ ಬೆಟ್ಟದ ಕಡೆ ಮುಖ ಮಾಡಿ ನಿಂತ. ಮೇಷ್ಟ್ರು ಸೀಟಿ ಬಾಯಿಗಿಟ್ಟು ಊದಿದರು. ಹತ್ರ ಹೋಗಿ ಊದಿದರು. ಬೆನ್ನ ಹಿಂದೇನೇ ನಿಂತು, ಕೆನ್ನೆ ಉಬ್ಬಿಸಿ ಊದಿದರು. ನಾನು ಕಿವಿ ಮುಚ್ಕೊಂಡೆ. ಅವನು ಕೈ ಇಳಿಬಿಟ್ಟು ಬೆಟ್ಟ ನೋಡ್ತಾನೇ ಇದ್ದ. ಅವನ ಮಾವ ಟವಲ್ ತೆಗೆದು ಮುಖಕ್ಕೆ ಹಿಡ್ಕೊಂಡ.

ಮೇಷ್ಟ್ರು ಸೀಟಿ ತೆಗೆದು ಜೇಬಿಗೆ ಹಾಕಿದರು. 'ಇದ್ದೀನಿ' ಅನ್ನಿಸ್ಕೊಳ್ಳದೆ, ಮೇಜಿನ ಮೇಲಿಂದ ಒಂದು ಜರ್ಸಿ ತಗೊಂಡು, ಸುತ್ತು ಹಾಕಿ ಅವನ ಎದುರಿಗೆ ಹೋಗಿ ನಿಂತು, ಏನೋ ಹೇಳ್ತಾ ಅವನ ಕೈಗೆ ಕೊಟ್ಟರು. ಏನು ಹೇಳಿದರೋ ಅಷ್ಟು ದೂರಕ್ಕೆ ನನಗೆ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು. ನನ್ನ ಜರ್ಸಿಯೂ ನನಗೆ ವಾಪಸ್ ಬಂತು. ಒಂದು ಅನುಮಾನ ಮಾತ್ರ ನನಗೆ ಇವತ್ತಿಗೂ ಇದೆ. ಜೀವಮಾನವೆಲ್ಲ ಮಕ್ಕಳಿಗೆ ಡ್ರಿಲ್ ಮಾಡಿಸಿದವರು, ಕೇಳಿಸದ ಮಗು ಯಾವುದು ಅಂತ ಒಂದು ದಿನದಲ್ಲಿ ಕಂಡುಹಿಡಿಯೋರು, ಅವರಿಗೆ ಇವನ ವಿಷಯ ಮೊದಲೇ ತಿಳಿದಿರಲಿಲ್ಲವೇ? ಕೇಳೋಣ ಅಂದ್ರೆ ಮೇಷ್ಟ್ರೂ ಈಗಿಲ್ಲ.

ಜಿಲ್ಲೆ ಟೀಮಲ್ಲಿ ಅವನು ಅಂಥದ್ದೇನೂ ಮಾಡಲಿಲ್ಲ ಅನ್ನೋದನ್ನೂ ಹೇಳಬೇಕು. ನಮ್ಮಲ್ಲಿ ಅರ್ಧ ಜನ ಕೈ ಎತ್ತೋದು ಕಲಿತ್ರು, ಇನ್ನರ್ಧ ಜನಕ್ಕೆ ಆಟ ಬಿಸಿಯಾದ ತಕ್ಷಣ ಹಳೇ ಬಾಯೇ ಬರ್ತಿತ್ತು. ಅವನು ಮತ್ತೆ ಸುತ್ತ ಸುತ್ತ ನೋಡೋಕೆ ಶುರು ಮಾಡಿದ. ಆ ಒಂದು ಟೂರ್ನಮೆಂಟ್ ಆಡಿ, ತನ್ನ ಫ್ಯಾಕ್ಟ್ರಿ ಟೀಮಿಗೇ ಹೋಗಿ, ಅಲ್ಲಿ ಮತ್ತೆ ಗೋಲು ಹೊಡೀತಾ ಇದ್ದ. ಮಾವ ಏನೂ ಅನ್ನಲಿಲ್ಲವಂತೆ, ಹಬ್ಬಕ್ಕೆ ಕರೆದು ಎದುರಿಗೆ ಕೂರಿಸಿಕೊಂಡೇ ಊಟ ಹಾಕಿದನಂತೆ. ಆ ಜರ್ಸಿ ಹಾಕ್ಕೊಂಡು ಅವನು ಮಾವನ ಬೀದೀಲಿ ಹೋಗಿದ್ದನ್ನ ನಾನೇ ನೋಡಿದೆ. ಹಿಂದಿನಿಂದ ಯಾರೋ ಕೂಗ್ತಿದ್ರು, "ಲೇ ಕೆಪ್ಪ, ಏ ಕೆಪ್ಪ." ಅವನು ತಿರುಗಲಿಲ್ಲ. ಅವನು ಹೇಳಿದ್ದಂತೆಯೇ ಆಯ್ತು. ಮಾರನೇ ದಿನದಿಂದ ಹೋಟ್ಲಲ್ಲಿ "ಕೆಪ್ಪಂಗೊಂದು ಟೀ", ಗ್ರೌಂಡಲ್ಲಿ "ಕೆಪ್ಪನ ಕಡೆ ಬಿಡೋ". ಪ್ರೀತಿಯಿಂದಲೇ ಕರೀತಿದ್ರು, ಅದು ಇನ್ನೂ ಕಷ್ಟ. ಕಳ್ಳ ಅಂದಿದ್ದನ್ನ ಎಲ್ಲರೂ ಮರೆತುಬಿಟ್ಟರು. ನನ್ನ ಮಾನ ಉಳಿಸೋಕೆ ಹೋಗಿ ಆ ಹೆಸರು ತಲೆ ಮೇಲೆ ಹಾಕ್ಕೊಂಡ.

ಹೋದ ತಿಂಗಳು ಮಣ್ಣಿಗೆ ಹೋಗಿದ್ದೆ. ನಮ್ಮ ಹಳೇ ಕ್ಯಾಪ್ಟನ್ನೂ ಬಂದಿದ್ದ, ಈಗ ಮಂಡಿ ನೋವು, ಕೋಲು ಹಿಡಿದಿದ್ದಾನೆ. ಮನೆ ಮುಂದೆ ಫ್ಯಾಕ್ಟ್ರಿಯವರು ಫ್ಲೆಕ್ಸ್ ಕಟ್ಟಿಸಿದ್ದರು. ಜಿಲ್ಲೆ ಜರ್ಸಿ ಹಾಕ್ಕೊಂಡ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು. ಕ್ಯಾಪ್ಟನ್ ಅದನ್ನ ಓದಿ, ನನ್ನ ತೋಳು ಹಿಡಿದು, ಮೆಲ್ಲಗೆ ಕೇಳಿದ, "ಇದ್ಯಾರ ಹೆಸರು ಹಾಕವ್ರೆ ಭಾಯ್? ಇದು ನಮ್ಮ ಕೆಪ್ಪನ ಫೋಟೋ ಅಲ್ವಾ?"

ಎಷ್ಟು ಸಲ ಆ ಹೆಸರನ್ನ ಬೆಟ್ಟಕ್ಕೆ ಕೇಳಿಸೋ ಹಾಗೆ ಕೂಗಿದ್ದ ಬಾಯಿ ಅದು. ನನಗೆ ಸಿಟ್ಟು ಬಂದು, ಅಳು ಬಂದು, ಸಾವಿನ ಮನೆ ಅನ್ನೋದೂ ಮರೆತು, ಅವನ ಹೆಸರನ್ನ ಜೋರಾಗಿ ಹೇಳಿದೆ. ಗ್ರೌಂಡಲ್ಲಿ ಕೂಗ್ತಿದ್ದ ಹಾಗೇ ಹೇಳಿದೆ. ಮುಂದೆ ಮಗ್ಗದವರು ಗುಂಪಾಗಿ, ನಮಗೆ ಬೆನ್ನು ಮಾಡಿ ನಿಂತಿದ್ದರು. ಅವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.